ಜೋಳದ ಕಣ್ಣಿನ ಎತ್ತು

ನಾನು ನಿಂತಿದ್ದದ್ದು ಭಾಂಡುಪ್‌ನ ನಮ್ಮ ಬಿಲ್ಡಿಂಗಿನ ಹಿಂದೆ, ಪಂಪ್ ರೂಮಿಗೆ ಇಳಿಯುವ ಮೂರು ಮೆಟ್ಟಿಲುಗಳಲ್ಲಿ ಮೇಲಿನದರ ಮೇಲೆ. ಮಣ್ಣೆತ್ತಿನ ಅಮಾವಾಸ್ಯೆಯ ದಿನ, ಬೆಳಿಗ್ಗೆ ಹತ್ತೂಕಾಲು. ಮಳೆ ಆಗಷ್ಟೇ ನಿಂತಿತ್ತು. ನನ್ನಿಂದ ಐದಾರು ಹೆಜ್ಜೆ ದೂರದಲ್ಲಿ, ತಗಡಿನ ಮಾಡಿನ ಕೆಳಗೆ, ವಾಚ್‌ಮನ್‌ನ ತಾಯಿ ಕೂತಿದ್ದರು. ಅವರೆದುರು ಕುಕ್ಕರುಗಾಲಿನಲ್ಲಿ ನನ್ನ ಮಗಳು. ಅವಳಿಗೆ ಆಗ ನಾಲ್ಕು ವರ್ಷ ಎರಡು ತಿಂಗಳು. ಇಬ್ಬರೂ ನನ್ನನ್ನು ನೋಡಿರಲಿಲ್ಲ.

ಮಗಳು ಒದ್ದೆಯಾದದ್ದನ್ನು, ಅಂಟುವಂಥದ್ದನ್ನು ಮುಟ್ಟುತ್ತಿರಲಿಲ್ಲ. ಬೆರಳಿಗೆ ಮೊಸರು ತಾಗಿದರೆ ಮುಷ್ಟಿ ಬಿಗಿದುಕೊಂಡು ಉಸಿರು ಸಿಕ್ಕಿಕೊಳ್ಳುವಷ್ಟು ಅಳುತ್ತಿದ್ದಳು. ಶಾಲೆಯಲ್ಲಿ ಕ್ರೆಯಾನ್ ಕೂಡ ಹಿಡಿಯುತ್ತಿರಲಿಲ್ಲ. ಬೆರಳುಗಳು ಈಗ ಮುಟ್ಟಿ, ಒತ್ತಿ, ಚಿವುಟಿ ಕಲಿಯದಿದ್ದರೆ ಮುಂದೆ ಉಣ್ಣುವುದು, ಗುಂಡಿ ಹಾಕುವುದು, ಬರೆಯುವುದು ಎಲ್ಲವೂ ತಡವಾಗುತ್ತದೆ ಎಂದು ಘಾಟ್ಕೋಪರ್‌ನ ಥೆರಪಿಸ್ಟ್ ಹೇಳಿದ್ದರು. ಬೇರೆ ಆಟಿಕೆ ಬೇಡ, ಮನೆಯ ಹಬ್ಬಗಳಿಗೆ ಅವಳನ್ನು ಜೊತೆಗೆ ಕೂರಿಸಿಕೊಳ್ಳಿ ಎಂದಿದ್ದರು.

ಆ ಮಾತು ನನಗೆ ಹಿಡಿಸಿತು. ನಾನು ಉಡುಪಿ ಕಡೆಯವನು; ಫೋರ್ಟ್ ಏರಿಯಾದ ಹೋಟೆಲೊಂದರಲ್ಲಿ ಹದಿನೇಳು ವರ್ಷದಿಂದ ಅಡುಗೆಮನೆಯಲ್ಲಿ ಇದ್ದವನು. ಹಿಟ್ಟಿನ ವಿಷಯ ನನಗೆ ಯಾರೂ ಕಲಿಸಬೇಕಿರಲಿಲ್ಲ. ನಾಗರಪಂಚಮಿಗೆ ಎಲೆಗಟ್ಟಿ ಮಾಡುವಾಗ ಅರಿಶಿನ ಎಲೆಯ ಮೇಲೆ ಅಕ್ಕಿಹಿಟ್ಟು ಸವರಲು ಅವಳನ್ನು ಕೂರಿಸಿದೆ. ಚೌತಿಗೆ ಕಡುಬು. ದೀಪಾವಳಿಗೆ ಚಕ್ಕುಲಿ. ಪ್ರತಿ ಸಲ ಅವಳ ಬೆನ್ನ ಹಿಂದೆ ಕೂತು, ಮಣಿಕಟ್ಟು ಹಿಡಿದು, ಕೈಯನ್ನು ಹಿಟ್ಟಿನ ಮೇಲೆ ನಾನೇ ಇಡುತ್ತಿದ್ದೆ. ಪ್ರತಿ ಸಲವೂ ಅಳು. ಹೀಗೆ ಒಂದು ವರ್ಷ ಕಳೆದಿತ್ತು.

ವಾಚ್‌ಮನ್‌ನ ತಾಯಿ ವಿಜಯಪುರ ಕಡೆಯವರು. ಆ ಅಮಾವಾಸ್ಯೆಗೆ ಅವರ ಊರಲ್ಲಿ ಮಣ್ಣಿನ ಎತ್ತು ಮಾಡಿ ಪೂಜಿಸುತ್ತಾರೆ. ಮಣ್ಣು ಊರಿಂದಲೇ ಚೀಲದಲ್ಲಿ ಬಂದಿತ್ತು. ಅವರು ಒಂದು ಎತ್ತು ಮಾಡಿ ಮುಗಿಸಿ ನೆಲದ ಮೇಲೆ ಇಟ್ಟರು.

"ಇದು ಕುರುಡ ಐತವ್ವಾ. ದಾರಿ ಹೆಂಗ ಕಾಣಬೇಕು ಇದಕ್ಕ?"

"ಆಂಖ್ ಕಿಧರ್ ಹೈ, ಆಜಿ?" ಎಂದಳು ಮಗಳು.

"ಕಣ್ಣಾ? ಅಲ್ಲೇ ಬಟ್ಟಲದಾಗ ಅದಾವ ನೋಡು."

ಬಟ್ಟಲಲ್ಲಿ ಒಣ ಜೋಳದ ಕಾಳು. ಮಗಳು ಹೆಬ್ಬೆರಳು, ತೋರುಬೆರಳು ಜೋಡಿಸಿ ಒಂದನ್ನು ಎತ್ತಿದಳು. ಮೂರು ಸಲ ಜಾರಿತು. ನಾಲ್ಕನೆಯ ಸಲ ಸಿಕ್ಕಿತು. ಎತ್ತಿನ ಮುಖಕ್ಕೆ ಒತ್ತಿದಳು. ಕಾಳಿನ ಜೊತೆ ಬೆರಳೂ ಉಗುರಿನ ತನಕ ಮಣ್ಣಿಗೆ ಇಳಿಯಿತು. ತೆಗೆದು ನೋಡಿಕೊಂಡಳು. ಅಜ್ಜಿ ಅವಳ ಕಡೆ ನೋಡುತ್ತಲೇ ಇರಲಿಲ್ಲ, ಇನ್ನೊಂದು ಎತ್ತಿನ ಕಾಲು ತಿದ್ದುತ್ತಿದ್ದರು.

"ಇನ್ನೊಂದು ಕಣ್ಣು ಯಾರ ಹಚ್ಚವರು? ನಿಮ್ಮಪ್ಪನೇನು?"

ಮಗಳು ನಕ್ಕಳು. ಮಣ್ಣು ಮೆತ್ತಿದ ಅದೇ ಬೆರಳಿನಿಂದ ಎರಡನೆಯ ಕಾಳು ಎತ್ತಿದಳು.

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ದಿನಕ್ಕೆ ನೂರಾರು ವಡೆಗೆ ತೂತು ಹಾಕಿದ ಹೆಬ್ಬೆರಳು ನನ್ನದು. ಅದರಿಂದ ಒಂದು ವರ್ಷದಲ್ಲಿ ಆಗದ್ದು ಈ ಮುದುಕಿಗೆ ಒಂದು ಕಾಳಿನಲ್ಲಿ ಆಗಿತ್ತು. ಆ ನಗು ನನಗೆ ಸಿಗಬೇಕಾದದ್ದು ಅನ್ನಿಸಿತು. ಮಗಳು ಈಗ ಅಳಲಿ ಎಂದು ಬಯಸಿದೆ. ಬಯಸಿದ್ದು ಖಂಡಿತ.

"ಅಯ್ಯಯ್ಯೋ, ಕೈಯೆಲ್ಲ ಗಲೀಜು! ಬಾ ಇಲ್ಲಿ!" ಎಂದು ಕೂಗಿದೆ.

ಮಗಳು ನನ್ನನ್ನು ನೋಡಿದಳು, ಬೆರಳನ್ನು ನೋಡಿಕೊಂಡಳು, ಮುಷ್ಟಿ ಬಿಗಿದಳು. ಆಮೇಲೆ ಅಳು ಬಂತು. ಟ್ಯಾಂಕಿನ ಬಳಿ ಪೈಪು ಹಿಡಿದಿದ್ದ ವಾಚ್‌ಮನ್ ತಿರುಗಿ ನೋಡಿದ. ಅಜ್ಜಿ, "ಬಂಗಾರದಂಥಾ ಕೆಲಸ ನಡದಿತ್ತಲ್ಲೋ ಯಪ್ಪಾ," ಎಂದರು, ಅಷ್ಟೇ.

ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ನಾನು ಕಿಟಕಿಯಿಂದ ನೋಡ್ತಾ ಇದ್ದೆ. ಮಗು ಮುಟ್ಟಿತ್ತು ಮಾರಾಯ್ರೆ! ನಿಮಗೆ ಎಂತ ಆಯ್ತು?"

"ಆ ಮಣ್ಣಲ್ಲಿ ಎಂತೆಂತ ರೋಗ ಇರ್ತದೋ."

"ರೋಗ ಮಣ್ಣಲ್ಲಿ ಅಲ್ಲ."

ಆಮೇಲೆ ಮಗಳು ಒಣ ಜೋಳವನ್ನೂ ಮುಟ್ಟಲಿಲ್ಲ. ನಾನೇ ಬಟ್ಟಲಲ್ಲಿ ಹಾಕಿ ಎದುರಿಗಿಟ್ಟೆ. ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ನಾಲ್ಕನೆಯ ದಿನ ಪಂಪ್ ರೂಮಿನ ಬಳಿ ಹೋಗಿ, "ತಪ್ಪಾಯ್ತು ಅಜ್ಜಿ," ಎಂದೆ.

"ಹಂಗ ಒದರಿದ್ರ ನಿಮ್ಮ ಹೋಟೆಲ್‌ನ್ಯಾಗ ಇಡ್ಲಿ ಉಬ್ಬತಾವೇನ್ರಿ?" ಎಂದು ಕೇಳಿದರು. "ಮಂಗಳವಾರಕ್ಕೊಮ್ಮೆ ಮಣ್ಣಿಲೆ ಗುಳ್ಳವ್ವನ ಗೊಂಬಿ ಮಾಡ್ತೀವಿ, ಆಷಾಢ ಮುಗಿಯೂತನಕ. ಕೂಸಿನ್ನ ಕಳಸ್ರಿ. ನೀವು ಬರಬ್ಯಾಡ್ರಿ."

ನಾನು ಹೋಗಲಿಲ್ಲ. ಮೂರನೆಯ ಮಂಗಳವಾರ ವಡೆಯ ಬಾಣಲೆಯ ಮುಂದೆ ನಿಂತಿದ್ದಾಗ ಹೆಂಡತಿಯ ಫೋನು: "ಮೊಣಕೈವರೆಗೆ ಮಣ್ಣು. ಅವಳೇ ನಾದ್ತಾ ಇದ್ದಾಳೆ." "ಒಳ್ಳೇದು," ಎಂದು ಇಟ್ಟೆ. ಒಳ್ಳೆಯದೇ ಆಗಿತ್ತು. ಆದರೂ ಆ ಪಾಳಿಯ ವಡೆಗಳನ್ನೆಲ್ಲ ಕರಕಲು ಮಾಡಿದೆ.

ಆ ವರ್ಷದ ನಾಗರಪಂಚಮಿಗೆ ಮಗಳ ಹಿಂದೆ ಕೂರಲಿಲ್ಲ. ಎದುರಿಗೆ ಕೂತು ನನ್ನ ಎಲೆಗೆ ನಾನು ಹಿಟ್ಟು ಸವರಿಕೊಂಡೆ. ಅವಳ ಕಡೆ ನೋಡದಿರುವುದು ನಾನು ಮಾಡಿದ ಅತಿ ಕಷ್ಟದ ಅಡುಗೆ. ಸ್ವಲ್ಪ ಹೊತ್ತಿಗೆ ಹಿಟ್ಟಿನ ಸದ್ದು ಕೇಳಿತು. ಅವಳು ಅಂಗೈಯಿಂದಲೇ ಸವರಿದಳು. ಆಮೇಲೆ ಫ್ರಾಕಿನ ಜೇಬಿನಿಂದ ಎರಡು ಜೋಳದ ಕಾಳು ತೆಗೆದು ಹಿಟ್ಟಿಗೆ ಒತ್ತಿದಳು. ಎಲೆಗಟ್ಟಿಗೆ ಕಣ್ಣಿರುವುದಿಲ್ಲ ಎಂದು ನಾನು ಹೇಳಲಿಲ್ಲ. ಅದನ್ನು ನಾನೇ ತಿಂದೆ. ಹಿಟ್ಟು ಬೆಂದಿತ್ತು, ಕಾಳು ಬೆಂದಿರಲಿಲ್ಲ.

ಅಜ್ಜಿ ಕಳೆದ ಚಳಿಗಾಲ ಊರಲ್ಲಿ ತೀರಿಕೊಂಡರು. ಮೆಟ್ಟಿಲ ಮೇಲೆ ನಿಂತು ನಾನು ಕೂಗಿದ್ದನ್ನು ಕಂಡವರಲ್ಲಿ ಈಗ ಇರುವವರು ಮೂವರು. ಪೈಪು ಹಿಡಿದಿದ್ದ ಅವರ ಮಗ, ಈಗಲೂ ನಮ್ಮದೇ ಗೇಟಿನಲ್ಲಿ ಇದ್ದಾನೆ. ಎರಡನೆಯ ಮಹಡಿಯ ಅಡುಗೆಮನೆ ಕಿಟಕಿಯಲ್ಲಿದ್ದ ನನ್ನ ಹೆಂಡತಿ. ಮತ್ತು ಮಗಳು. ಅವಳನ್ನು ಕೇಳಿದರೆ ಎತ್ತು ನೆನಪಿದೆ, ಆಜಿ ನೆನಪಿದ್ದಾರೆ, ನೀವು ಅಲ್ಲಿ ಇರಲೇ ಇಲ್ಲ ಪಪ್ಪಾ ಎನ್ನುತ್ತಾಳೆ.