ಹನುಮವ್ವನ ಹೆಸರಿನ ಮುಂದೆ ಸೊನ್ನೆ

ಗಿರಣಿ ಶುರುವಾಯಿತು. ಬಸವೇಶ್ವರನಗರದ ಮನೆಯೊಂದರ ಕೆಳಗೆ ಬೆಳಿಗ್ಗೆ ಎಂಟಕ್ಕೆ ರಾಗಿ ಬೀಸುವ ಸದ್ದೆದ್ದರೆ, ಮೇಲಿನ ಬಾಡಿಗೆ ಕೋಣೆಯಲ್ಲಿ ವತ್ಸಲಾಳ ಕೀಬೋರ್ಡು ಸಣ್ಣಗೆ ನಡುಗುತ್ತದೆ. ಆ ಸದ್ದಿನ ಮೇಲೆ ಕೂತೇ ಅವಳು ಇಪ್ಪತ್ತು ವರ್ಷ ಕನ್ನಡ ಟೈಪ್ ಮಾಡಿದ್ದಾಳೆ. ಲಗ್ನಪತ್ರಿಕೆ, ಕೋರ್ಟಿನ ಅರ್ಜಿ. ಕಳೆದ ವರ್ಷ, ಪ್ರಕಾಶಕರೊಬ್ಬರ ಜಾನಪದ ಸಂಕಲನಕ್ಕೆಂದು ಬೀಸುವ ಪದಗಳು.

ಬೆಂಗಳೂರಿನಂಚಿನ ಉಲ್ಲಾಳದ ಹನುಮವ್ವ ಹಾಡಿದ್ದು ನಲವತ್ತೊಂದು ಪದ. ಪ್ರತಿ ಪದದ ತಲೆಯ ಮೇಲೂ ವತ್ಸಲಾ ಅಜ್ಜಿಯ ಹೆಸರು ಹಾಕಿದ್ದಳು.

"ನನ್ನೆಸ್ರು ಪುಸ್ತಕ್ದಾಗೆ ಬತ್ತದಾ ಮಗಾ?"

"ನಾನೇ ಹಾಕಿದೀನಲ್ಲ ಅಜ್ಜಿ, ಬರುತ್ತೆ."

ನಿನ್ನೆ ಪುಸ್ತಕ ಕೈಗೆ ಬಂತು. ಹನುಮವ್ವನ ಹೆಸರಿರಲಿಲ್ಲ. ಒಂದು ಪದವೂ ಇರಲಿಲ್ಲ.

ವತ್ಸಲಾ ರಾಜಾಜಿನಗರದ ಪ್ರಕಾಶಕರ ಆಫೀಸಿಗೆ ಹೋದಳು. ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಕಶ್ಯಪ್ ಕುರ್ಚಿ ಎಳೆದುಕೊಟ್ಟ. ಹನುಮವ್ವನ ಪದಗಳು ಯಾಕಿಲ್ಲವೆಂದು ಅವಳು ಕೇಳಿದಳು.

"ಸಾವಿರದಿನ್ನೂರು ಫೈಲ್ ಆಂಟಿ, ಎಲ್ಲಾ ಯಾರು ಓದ್ತಾರೆ? ಪರ್ಲ್ ಸ್ಕ್ರಿಪ್ಟ್ ಅಂತ ಒಂದು ಚಿಕ್ಕ ಪ್ರೋಗ್ರಾಂ ಬರೆದೆ. ಹಾಡಿದೋರ ಹೆಸರು ಕೊಟ್ರೆ ಒಂದೊಂದೇ ಫೈಲ್ ತೆಗೆದು, ಎಷ್ಟು ಸಲ ಇದೆ ಅಂತ ಎಣಿಸುತ್ತೆ. ಸೊನ್ನೆ ಬಂದೋರನ್ನ ಬಿಟ್ವಿ."

"ನನ್ನ ಫೈಲ್ ತೆಗಿಯಪ್ಪ."

ತೆಗೆದ. ಪರದೆಯ ತುಂಬ ಹನುಮವ್ವ, ಹನುಮವ್ವ. ಸ್ಕ್ರಿಪ್ಟ್ ಓಡಿಸಿದ. ಸೊನ್ನೆ.

"ಓ, ಹಳೇ ಫಾಂಟಾ? ಇದು ಕಣ್ಣಿಗಷ್ಟೇ ಕನ್ನಡ ಆಂಟಿ. ಒಳಗಿರೋದೆಲ್ಲ ಇಂಗ್ಲಿಷ್ ಗುರುತು. ಸ್ಕ್ರಿಪ್ಟಿಗೆ ಕಾಣೋದು ಅದೇ."

ವಿಜಯನಗರದ ಟೈಪಿಂಗ್ ಕ್ಲಾಸಿನಲ್ಲಿ ಅವಳು ಕಲಿತಿದ್ದು ಆ ಫಾಂಟೊಂದೇ. ಒಳಗೆ ಬೇರೇನೋ ಇರುತ್ತದೆಂದು ಯಾರೂ ಹೇಳಿರಲಿಲ್ಲ.

"ಸರಿಮಾಡೋಕಾಗಲ್ವಾ?"

"ಅಯ್ಯೋ, ಹತ್ತು ನಿಮಿಷದ ಕೆಲಸ."

ನಿಜಕ್ಕೂ ಹತ್ತೇ ನಿಮಿಷ. ಫೈಲನ್ನು ಒಳಗೂ ಕನ್ನಡವೇ ಇರುವ ಯೂನಿಕೋಡಿಗೆ ಬದಲಿಸಿ ಮತ್ತೆ ಓಡಿಸಿದ. ನಲವತ್ತೊಂದು.

"ನೋಡಿ ಆಂಟಿ, ಬಂತು!" ಅವನಿಗೆ ಖುಷಿಯಾಗಿತ್ತು.

ಅವನ ಬೆನ್ನ ಹಿಂದೆ, ಗೋಡೆಯುದ್ದಕ್ಕೂ, ಅದೇ ಪುಸ್ತಕದ ಬೈಂಡಾದ ಪ್ರತಿಗಳ ಕಟ್ಟುಗಳು ಸೂರಿನವರೆಗೆ ನಿಂತಿದ್ದವು. ವತ್ಸಲಾ ಅವನ್ನು ನೋಡಿದಳು. ಅವನೂ ತಿರುಗಿ ನೋಡಿದ. ಅವನ ದನಿ ಇಳಿಯಿತು.

"ಎರಡನೇ ಮುದ್ರಣ ಆದಾಗ ಹಾಕೋಣ ಬಿಡಿ."

"ಮೊದಲನೇದು ಯಾವಾಗ ಖರ್ಚಾಗುತ್ತೆ?"

"ಜಾನಪದ ಅಲ್ವಾ ಆಂಟಿ... ಐದಾರು ವರ್ಷ."

ವತ್ಸಲಾ ಚೀಲ ಹೆಗಲಿಗೇರಿಸಿದಳು.

"ಅಜ್ಜಿಗೆ ಎಂಬತ್ತೆಂಟು ಕಣಪ್ಪ. ದಿನಾ ಸಂಜೆ ಫೋನ್ ಮಾಡಿ, ಬಂತಾ ಮಗಾ ಅಂತಾರೆ. ಇವತ್ತು ಕೇಳಿದ್ರೆ ನಾನು ಅವರಿಗೆ ಏನಂತ ಹೇಳ್ಲಿ?" ಎನ್ನುತ್ತಲೇ ಬಾಗಿಲು ದಾಟಿ ಮೆಟ್ಟಿಲಿಳಿದು ಹೋದಳು.