ಅಕ್ಕನಾಗಮ್ಮನ ಕರಿ ತಗಡು

ವಿಜಾಪುರದ ಜೋರಾಪುರ ಪೇಟೆಯ ಕಿರಾಣಿ ಅಂಗಡಿ ಬಸಲಿಂಗಯ್ಯನವರ ಕಿರಿಯ ಮಗಳು ಅಕ್ಕನಾಗಮ್ಮ ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಬಂದಾಗ, ಅವಳನ್ನು ಏನೆಂದು ಕರೆಯಬೇಕೆಂದು ಪೇಟೆಯ ಮಂದಿಗೆ ತಿಳಿಯಲಿಲ್ಲ. ಊರಿನದೇ ಒಂದು ಖಾಸಗಿ ಕಾಲೇಜಿನಲ್ಲಿ ಲೆಕ್ಚರರ್ ಕೆಲಸ ಸಿಕ್ಕ ಮೇಲೆ ‘ಕಾಲೇಜಿನ ಅಕ್ಕಾರು’ ಎಂಬ ಹೆಸರು ನಿಂತುಹೋಯಿತು. ಇದು ಎಪ್ಪತ್ತೊಂದನೆಯ ಇಸವಿಯ ಮಾತು. ಮದುವೆಯ ಮಾತುಗಳು ಬಂದವು, ಹೋದವು. ಹೋದದ್ದಕ್ಕೆ ಅವಳು ಬೇಸರಪಟ್ಟುಕೊಳ್ಳಲಿಲ್ಲ.

ಅವಳದು ಬೇಗ ಹೇಸಿಕೊಳ್ಳುವ ಸ್ವಭಾವ. ಹಾಗೆಂದು ಪ್ರಯೋಗಾಲಯದ ದುರ್ನಾತಗಳಿಗೆಲ್ಲ ಅವಳು ಮೂಗು ಮುಚ್ಚಿದವಳಲ್ಲ. ಕೊಳೆತ ತತ್ತಿಯಂಥ ವಾಸನೆಯ ಅನಿಲದ ಮುಂದೆ ನಿಂತು ಪಾಠ ಮಾಡುತ್ತಿದ್ದಳು. ಆದರೆ ಯಾವನಾದರೂ ವಿದ್ಯಾರ್ಥಿ ಪ್ರಯೋಗ ಮಾಡದೆ, ಹಿಂದಿನ ವರ್ಷದವರ ಪುಸ್ತಕ ನೋಡಿ ಅಂಕಿ ತುಂಬಿಕೊಂಡು ಬಂದರೆ ಅವಳ ಮುಖ ಹಿಂಡಿದ ಬಟ್ಟೆಯಂತಾಗುತ್ತಿತ್ತು. “ಎಂಜಲ ಅದು. ತಗೊಂಡ ಹೋಗು” ಎನ್ನುತ್ತಿದ್ದಳು. ಹುಡುಗರು ಅವಳಿಗೆ ಹೆದರುತ್ತಿದ್ದರು. ಜೊತೆಯ ಮಾಸ್ತರುಗಳು ನಗುತ್ತಿದ್ದರು.

ಎಪ್ಪತ್ಮೂರರ ಕೊನೆಗೆ ಪೆಟ್ರೋಲಿನ ಬೆಲೆ ಏರಿತು. ಮರುವರ್ಷದಿಂದ ಸೂರ್ಯನ ಶಾಖ, ಗಾಳಿಯ ಶಕ್ತಿ ಎಂಬ ಮಾತುಗಳು ಸರಕಾರದ ಕಾಗದಗಳಲ್ಲಿ ಕಾಣಿಸಿಕೊಂಡವು. ಅವಳ ವಿಭಾಗದ ಮುಖ್ಯಸ್ಥ ರಾಮಲಿಂಗ ಸರ್ ಇಂಥ ಗಾಳಿಯನ್ನು ಎಲ್ಲರಿಗಿಂತ ಮೊದಲು ಹಿಡಿಯುವವರು. ಬಿಸಿಲಿನಿಂದ ನೀರು ಕಾಯಿಸುವ ಯಂತ್ರದ ಯೋಜನೆಯೊಂದನ್ನು ತಂದರು. ಲೋಹದ ಕೆಲಸ ಅವರಿಗೆ ಬಾರದು, ಅಕ್ಕನಾಗಮ್ಮನಿಗೆ ಬರುತ್ತಿತ್ತು. “ಇದರ ಮ್ಯಾಲ ನಿನಗ ಪಿಎಚ್.ಡಿ. ಮಾಡಿಸ್ತೀನಿ, ತಂಗಿ” ಎಂದರು. ಅವಳು ಹಿಗ್ಗಿದಳು.

ಕೆಲಸ ಹೇಳಲು ಸುಲಭ, ಮಾಡಲು ಕಷ್ಟ. ತಾಮ್ರದ ತಗಡಿಗೆ ಬರೀ ಕಪ್ಪು ಬಣ್ಣ ಬಳಿದರೆ ಅದು ಬಿಸಿಲನ್ನು ಹೀರುತ್ತದೆ, ಹೀರಿದ ಶಾಖವನ್ನು ಮತ್ತೆ ಹೊರಗೆ ಚೆಲ್ಲಿಬಿಡುತ್ತದೆ. ಬಣ್ಣದ ಬದಲು ತಾಮ್ರದ ಮೈಮೇಲೆಯೇ ತೆಳ್ಳನೆಯ ಕಪ್ಪು ಪೊರೆಯೊಂದನ್ನು ಬೆಳೆಸಿದರೆ ಶಾಖ ಒಳಗೇ ಉಳಿಯುತ್ತದೆ. ಅಕ್ಕನಾಗಮ್ಮ ಸಿದ್ಧೇಶ್ವರ ಗುಡಿಯ ಹತ್ತಿರದ ಅಂಗಡಿಗಳಿಂದ ತಾಮ್ರದ ತಗಡು ತಂದು, ಕುದಿಯುವ ಕಾಸ್ಟಿಕ್ ಸೋಡಾದ ದ್ರಾವಣದಲ್ಲಿ ಅದ್ದಿ ತೆಗೆದಳು. ಕೈಮೇಲೆ ಬೊಬ್ಬೆಗಳು ಎದ್ದವು. ಎರಡು ವರ್ಷ ಕಳೆದ ಮೇಲೆ ಒಂದು ತಗಡು ಮಕಮಲ್ಲಿನಂತೆ ಕಪ್ಪಾಗಿ ಬಂತು. ಗಾಜು ಮುಚ್ಚಿ ಬಿಸಿಲಿಗಿಟ್ಟು, ಮಧ್ಯಾಹ್ನ ಗಾಜು ಸರಿಸಿ ನೀರು ಚಿಮುಕಿಸಿದರೆ ಹನಿ ಚುಂಯ್ ಎಂದು ಆರಿತು. ರಾಮಲಿಂಗ ಸರ್ ಬಂದವರಿಗೆಲ್ಲ ಅದನ್ನು ತೋರಿಸಿದರು. ನೋಡಿದವರೆಲ್ಲ ಆ ಕಪ್ಪಿಗೆ ಬೆರಗಾದರು. ಅವಳಿಗೂ ಆ ಕಪ್ಪನ್ನು ಕಂಡರೆ ಹೆಮ್ಮೆ.

ಬಯಲಿನಲ್ಲಿ ಅದು ಎಷ್ಟು ದಿನ ತಾಳುತ್ತದೆಂದು ನೋಡಬೇಕಾಗಿತ್ತು. ಕಾಲೇಜಿನ ಮಾಳಿಗೆಯ ಮೇಲೆ ಪಾರಿವಾಳಗಳ ಕಾಟ. ಅಕ್ಕ ರೇಣುಕವ್ವನನ್ನು ಟಿಕೋಟಾಕ್ಕೆ ಕೊಟ್ಟಿದ್ದರು. ಎಪ್ಪತ್ತಾರರ ಬೇಸಿಗೆಯಲ್ಲಿ ತಗಡನ್ನು ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಕೂರಿಸಿ ಅವಳ ಮನೆಯ ಮಾಳಿಗೆಯ ಮೇಲೆ ಇಟ್ಟು ಬಂದಳು. ಶ್ರಾವಣ ಮುಗಿದ ಮೇಲೆ ಹೋಗಿ ನೋಡಿದರೆ ಗಾಜಿನ ಒಳಗೆ ನೀರು ಬೆವೆತಿತ್ತು. ತಗಡಿನ ಕಪ್ಪು ಅಲ್ಲಲ್ಲಿ ಹಸಿರಾಗಿತ್ತು. ಬೆರಳಿಟ್ಟರೆ ಕಾಡಿಗೆಯಂತೆ ಉದುರಿತು.

“ಚಂದ ಇತ್ತಲ್ಲ ಬೇ ಅದು” ಎಂದಳು ರೇಣುಕವ್ವ.

“ಚಂದ ಆಗಲಿ ಅಂತನ ಪೊರಿ ದಪ್ಪ ಮಾಡಿದೆ ಅಕ್ಕಾ. ದಪ್ಪ ಆಗಿದ್ದಕ್ಕ ಹಿಡಕೊಂಡ ಕುಂದರಲಿಲ್ಲ ಕಾಣತೈತಿ.”

ಮರುದಿನವೇ ರಾಮಲಿಂಗ ಸರ್ ಮುಂದೆ ಆ ತಗಡನ್ನು ಇಟ್ಟಳು. ಅವರು ಗಾಜಿನ ಬೀಕರಿನಲ್ಲಿ ಚಹಾ ಹಾಕಿಕೊಂಡು, ಪ್ರಯೋಗದ ಗಾಜಿನ ಕಡ್ಡಿಯಿಂದಲೇ ಸಕ್ಕರೆ ತಿರುವುತ್ತಿದ್ದರು. ಆ ಕಡ್ಡಿ ಬೆಳಿಗ್ಗೆ ಯಾವುದರಲ್ಲಿ ಆಡಿತ್ತೋ ಎಂದು ಅವಳು ಮುಖ ಆಚೆ ತಿರುಗಿಸಿದಳು.

“ಅನುದಾನ ಕೊಟ್ಟವರಿಗೆ ವರದಿ ಆಗಲೇ ಹೋಗೇತಿ, ತಂಗಿ” ಎಂದರು ಸರ್. “ಹತ್ತು ವರ್ಷ ತಾಳತೈತಿ ಅಂತ ಬರದೀವಿ. ಬಬಲೇಶ್ವರದ ಹುಡುಗ್ಯಾರ ಹಾಸ್ಟೆಲ್‌ನಾಗ ಕುಂದರಸೂದೂ ಆಗೇತಿ. ಈಗ ಒಂದ ಮಳಿಗೆ ಹೋತು ಅಂದ್ರ ಹೆಂಗ?”

“ಹತ್ತು ವರ್ಷ ಅಂತ ನಾ ಬರದಿಲ್ಲರಿ ಸರ್. ಒಂದ ಬ್ಯಾಸಿಗಿ ನೋಡೇವಿ ಅಂತ ಬರದಿದ್ದೆ.”

“ಅದನ್ನ ನಾ ಸ್ವಲ್ಪ ತಿದ್ದೀನಿ. ಇಬ್ಬರದೂ ಹೆಸರೈತಿ ಅದರಾಗ.”

“ಹಾಸ್ಟೆಲ್‌ದು ಇಳಸ್ರಿ. ಇನ್ನೊಂದ ವರ್ಷ ಕೊಡ್ರಿ, ಸರಿ ಮಾಡಿ ಕೊಡ್ತೀನಿ.”

ಸರ್ ಚಹಾ ಕುಡಿದು ಬೀಕರನ್ನು ತೊಳೆಯದೆ ಅಲಮಾರಿಯಲ್ಲಿಟ್ಟರು. “ಉದ್ಘಾಟನಾ ಮುಗೀಲಿ, ನೋಡೂಣು” ಎಂದರು.

ಉದ್ಘಾಟನೆ ನಡೆದದ್ದು ಡಿಸೆಂಬರಿನಲ್ಲಿ. ತುರ್ತು ಪರಿಸ್ಥಿತಿಯ ದಿನಗಳವು. ಎಲ್ಲ ಕಚೇರಿಗಳೂ ಏನಾದರೊಂದನ್ನು ಯಶಸ್ವಿ ಮಾಡಿ ತೋರಿಸುವ ಆತುರದಲ್ಲಿದ್ದವು. ಆ ದಿನ ಬಬಲೇಶ್ವರದ ಮೇಲೆ ಬೆಳಿಗ್ಗೆಯಿಂದಲೇ ಮೋಡ ಕವಿದಿತ್ತು. ಹಾಸ್ಟೆಲಿನ ಅಂಗಳದಲ್ಲಿ ಪೆಂಡಾಲು, ಗೋಡೆಯಲ್ಲಿ ಅತಿಥಿಗಳ ಹೆಸರು ಕೆತ್ತಿದ ಕಲ್ಲು. ಬಾಗಿಲಲ್ಲಿ ಹೂವಿನ ತಾಟು ಹಿಡಿದ ಹುಡುಗಿಯರು ನಡುಗುತ್ತ ನಿಂತಿದ್ದರು. ಯೋಜನೆಗೆ ಅನುದಾನ ಕೊಡಿಸಿದ ದೊಡ್ಡ ಅಧಿಕಾರಿ ಧಾರವಾಡದಿಂದ ಬಂದಿದ್ದರು. ಅವರು ಯಂತ್ರದ ನೀರಿನ ಟಾಕಿಯ ನಳ ತಿರುವಿದರು. ಹಬೆಯಾಡುವ ನೀರು ಬಂತು. ಚಪ್ಪಾಳೆ ಬಿತ್ತು.

ಅಕ್ಕನಾಗಮ್ಮ ನಂಬಲಿಲ್ಲ. ಹಿಂದಿನಿಂದ ಹೋಗಿ ನೀರಿಗೆ ಕೈಯೊಡ್ಡಿ ಮೂಸಿದಳು. ಜಾಲಿ ಕಟ್ಟಿಗೆಯ ಹೊಗೆಯ ವಾಸನೆ. ಪೆಟ್ಟಿಗೆಯ ಗಾಜಿನ ಮೇಲೆ ಬಗ್ಗಿ ನೋಡಿದಳು. ತಗಡು ಕರ್ರಗೆ ಮಿನುಗುತ್ತಿತ್ತು. ಅದರ ಮೇಲೆ ಬ್ರಷ್ಷಿನ ಗೀರುಗಳು, ಒಂದು ಕಡೆ ಬ್ರಷ್ಷಿನ ಕೂದಲೇ ಅಂಟಿಕೊಂಡಿತ್ತು. ಶಾಲೆಯ ಕರಿಹಲಗೆಗೆ ಬಳಿಯುವ ಬಣ್ಣ ಅದು. ಅವಳು ಬೆಳೆಸಿದ ಪೊರೆ ಅದರ ಕೆಳಗೆ ಹಸಿರಾಗಿ ಸತ್ತು ಮಲಗಿತ್ತು.

ಅವಳು ಹಿತ್ತಲಿನ ಅಡುಗೆಮನೆಗೆ ನಡೆದಳು. ಅಡುಗೆಯ ಕಾಶಿಬಾಯಿ ಒಲೆಯ ಬೂದಿ ಬಳಿದು ತೆಗೆಯುತ್ತಿದ್ದಳು.

“ಟಾಕಿಗೆ ನೀರು ಕಾಸಿ ಹಾಕಿದವರು ಯಾರವ್ವಾ?”

“ನಾನರಿ ಅಕ್ಕಾರ. ಬೆಳಗಾಗೂದರಾಗ ಹೊತ್ತ ಹೊತ್ತ ಸುರವಿ ಸೊಂಟ ಬಿದ್ದ ಹೋಗೇತಿ. ನಿಮ್ಮ ಸರ್ ಹೇಳಿದ್ರು.” ಕಾಶಿಬಾಯಿ ದನಿ ತಗ್ಗಿಸಿದಳು. “ಕಟ್ಟಿಗಿ ಎಲ್ಲಾ ಅದಕ್ಕ ಹೋತರಿ. ಹುಡುಗ್ಯಾರಿಗೆ ಒಂದ ತಂಬಿಗಿ ಬಿಸಿನೀರು ಸಿಗಲಿಲ್ಲ. ಸಾಹೇಬರು ಬರ್ತಾರ ಅಂತ ಎಲ್ಲಾರಿಗೂ ತಣ್ಣೀರಾಗ ಜಳಕಾ ಮಾಡಿಸ್ಯಾರ. ರಾಚವ್ವ ಅಂತ ಸಣ್ಣ ಹುಡುಗಿ, ಜ್ವರ ಬಂದಾವ. ಅದನ್ನೂ ಎಬ್ಬಿಸಿ ತಾಟು ಹಿಡಿಸಿ ನಿಂದರಿಸ್ಯಾರ ನೋಡ್ರಿ.”

ಅಕ್ಕನಾಗಮ್ಮ ಹೋಗಿ ಆ ಹುಡುಗಿಯ ಕೈಯಿಂದ ತಾಟು ತೆಗೆದುಕೊಂಡು, ಒಳಗೆ ಕರೆದೊಯ್ದು ಮಲಗಿಸಿ, ತನ್ನ ಶಾಲು ಹೊದಿಸಿದಳು. ಆಮೇಲೆ ನೇರವಾಗಿ ಊಟದ ಕೋಣೆಗೆ ಬಂದಳು. ಅತಿಥಿಗಳು ಹೋಳಿಗೆಗೆ ಕೈಹಾಕಿದ್ದರು. ರಾಮಲಿಂಗ ಸರ್ ತುಪ್ಪದ ಗಿಂಡಿ ಹಿಡಿದು ಬಡಿಸುತ್ತಿದ್ದರು. ಅವರು ಆ ಕಡೆಯ ಸಾಲಿಗೆ ಹೋದಾಗ ಅವಳು ಅಧಿಕಾರಿಯ ಹತ್ತಿರ ಬಗ್ಗಿದಳು.

“ಸರ್, ಆ ನೀರು ಬಿಸಿಲಿಗೆ ಕಾದದ್ದಲ್ಲರಿ. ಒಲಿ ಮ್ಯಾಲ ಕಾಸಿ ಟಾಕಿಗೆ ಸುರವ್ಯಾರ.”

ಅಧಿಕಾರಿ ತುತ್ತು ನುಂಗಿದರು. ಮುಖದಲ್ಲಿ ಏನೂ ಕದಲಲಿಲ್ಲ. “ಗೊತ್ತದ, ಅವ್ವಾ” ಎಂದರು. “ನಳ ತಿರುವಿದ ಕೂಡಲೇ ಹೊಗಿ ವಾಸನಿ ಬಡೀತು. ನಾನೂ ಹಳ್ಯಾಗ ಹುಟ್ಟಿದವ.”

“ಮತ್ತ ಭಾಷಣದಾಗ ಅಷ್ಟು ಹೊಗಳಿದ್ರಲ್ಲರಿ.”

“ಈಗಿನ ದಿನಮಾನದಾಗ ಕೆಲಸ ಆಗಿಲ್ಲಂತ ಹೇಳಿದ್ರ ಯಾರಿಗೆ ಛಲೋದಾಗ್ತದ? ಯೋಜನಾ ನಿಂತು ಹೋಗ್ತದ. ನಿಮ್ಮ ಸರ್ ಜೋಡಿ ನಿನ್ನ ಹೆಸರೂ ಮ್ಯಾಲ ಹೋಗ್ತದ, ಸುಮ್ಮನಿರು. ಕೂಡು, ಊಟಾ ಮಾಡು. ಹೋಳಿಗಿ ಭಾಳ ಛಲೋ ಆಗ್ಯಾವ.”

ತುಪ್ಪ ಅವರ ಬೆರಳಿನಿಂದ ಮುಂಗೈಗೆ ಇಳಿಯುತ್ತಿತ್ತು. ಅದನ್ನು ಅವರು ನಾಲಗೆಯಿಂದ ಒರೆಸಿಕೊಂಡರು. ಸುಳ್ಳು ಹೇಳಿದ ರಾಮಲಿಂಗ ಸರ್‌ಗಿಂತ, ಸುಳ್ಳೆಂದು ತಿಳಿದೂ ರುಚಿಯಾಗಿ ಉಣ್ಣುತ್ತಿದ್ದ ಈ ಮನುಷ್ಯ ಅವಳಿಗೆ ಹೆಚ್ಚು ಅಸಹ್ಯವೆನಿಸಿದ. ಅವಳು ಹಾಸ್ಟೆಲಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡಳು. ಬಾಯಿ ಮುಕ್ಕಳಿಸಿ, ಯಾರಿಗೂ ಹೇಳದೆ ಬಸ್ಸು ಹಿಡಿದು ಊರಿಗೆ ಬಂದಳು.

ಸೋಮವಾರ ಅವಳು ಸರ್ ಎದುರು ನಿಂತು, ವರದಿಯಿಂದಲೂ ಮುದ್ರಣಕ್ಕೆ ಹೋಗಲಿದ್ದ ಪ್ರಬಂಧದಿಂದಲೂ ತನ್ನ ಹೆಸರು ತೆಗೆಯಬೇಕೆಂದಳು.

“ಹೆಸರು ತಗದ್ರ ನಿನ್ನ ಪಿಎಚ್.ಡಿ. ಹೋತು ಅಂತ ತಿಳಕೊ” ಎಂದರು ಅವರು. ಸಿಟ್ಟಿರಲಿಲ್ಲ, ಹಟಮಾರಿ ಮಗುವಿಗೆ ಬುದ್ಧಿ ಹೇಳುವ ಧಾಟಿ. “ಮೂರು ವರ್ಷದ ದುಡಿಮಿ ನೀರಾಗ ಹಾಕಬ್ಯಾಡ.”

“ಹೋಗಲೇಳ್ರಿ. ನನ್ನ ಹೆಸರಿಗೆ ವಾಸನಿ ಹತ್ತೇತಿ, ಸರ್.”

ಪ್ರಬಂಧ ಅವರೊಬ್ಬರ ಹೆಸರಿನಲ್ಲೇ ಅಚ್ಚಾಯಿತು. ಪ್ರಯೋಗಾಲಯದ ಒಳಕೋಣೆಯ ಕೀಲಿಯನ್ನು ಅವಳಿಂದ ಇಸಿದುಕೊಂಡರು. ಹಿಂದಿನ ವರ್ಷದ ಅಂಕಿ ಬರೆದುಕೊಂಡು ಬರುವ ಮೊದಲ ವರ್ಷದ ಹುಡುಗರೇ ಅವಳ ಪಾಲಿಗೆ ಉಳಿದರು. ಸ್ಟಾಫ್ ರೂಮಿನಲ್ಲಿ ಅವಳು ಬಂದರೆ ಮಾತು ನಿಲ್ಲುತ್ತಿತ್ತು. ಅವಳಿಗೂ ಅವರ ನಡುವೆ ಕುಳಿತು ಚಹಾ ಕುಡಿಯುವುದು ಬೇಡವಾಗಿತ್ತು. ತನ್ನ ಮೇಲೂ ಒಂದು ತೆರನ ಹೇಸಿಕೆ ಅವಳಿಗಿತ್ತು: ಮಂದಿ ‘ವಾಹ್’ ಅಂದರೆಂದು ಆ ಕಪ್ಪನ್ನು ದಪ್ಪ ಮಾಡುತ್ತ ಹೋದವಳು ತಾನೇ ಅಲ್ಲವೆ?

ಆದರೆ ತಗಡು ಯಾಕೆ ಕೆಟ್ಟಿತೆಂಬ ಪ್ರಶ್ನೆ ಅವಳನ್ನು ಬಿಡಲಿಲ್ಲ. ರವಿವಾರಗಳಂದು ಟಿಕೋಟಾದಲ್ಲಿ ಅಕ್ಕನ ಹಿತ್ತಲಲ್ಲಿ ಒಲೆ ಹೂಡಿ, ಬೊಗಸೆಯಗಲದ ತಾಮ್ರದ ತುಂಡುಗಳನ್ನು ದ್ರಾವಣದಲ್ಲಿ ಅದ್ದತೊಡಗಿದಳು. ಒಂದೊಂದನ್ನು ಒಂದೊಂದು ಹೊತ್ತಿಗೆ ಹೊರತೆಗೆದು, ಮಳೆಗೆ, ಬಿಸಿಲಿಗೆ, ಇಬ್ಬನಿಗೆ ಇಟ್ಟಳು. ಮಕಮಲ್ಲಿನಂಥ ಕಪ್ಪು ತುಂಡುಗಳು ಒಂದರ ಹಿಂದೆ ಒಂದು ಉದುರಿದವು. ಬೇಗ ಹೊರತೆಗೆದವು ಕಂದು ಬಣ್ಣದವು, ನೋಡಲು ಸುಟ್ಟ ಬೋಗುಣಿಯ ತಳದಂತಿದ್ದವು. ಅವು ಮಾತ್ರ ಒಂದು ವರ್ಷ ತಾಳಿದವು, ಶಾಖವನ್ನೂ ಹೆಚ್ಚುಕಡಿಮೆ ಅಷ್ಟೇ ಹಿಡಿದವು. ಪೆಟ್ಟಿಗೆಯನ್ನು ಪೂರ್ತಿ ಬಿಗಿಯದೆ ಕೆಳಗೆ ಸಣ್ಣ ತೂತು ಬಿಟ್ಟರೆ ಒಳಗಿನ ಬೆವರೂ ಆರಿಹೋಗುತ್ತಿತ್ತು.

“ಇಂಥಾ ಕುರೂಪ ತಗಡು ಯಾರಿಗೆ ತೋರಸ್ತಿ?” ಎಂದಳು ರೇಣುಕವ್ವ.

“ಯಾರಿಗೂ ತೋರಸೂದಿಲ್ಲ.”

ಎಪ್ಪತ್ತೆಂಟರ ಬೇಸಿಗೆ ರಜೆಯಲ್ಲಿ ಅವಳು ಅದೇ ರೀತಿ ದೊಡ್ಡದೊಂದು ಕಂದು ತಗಡು ಮಾಡಿಕೊಂಡು, ತಗಡಿನ ಕೆಲಸದ ಬುಡ್ಡೇಸಾಬನನ್ನು ಕರೆದುಕೊಂಡು ಬಬಲೇಶ್ವರಕ್ಕೆ ಹೋದಳು. ವಾರ್ಡನ್ ಬಾಯಿ ಮೊದಲು ಒಪ್ಪಲಿಲ್ಲ. “ಕಲ್ಲಿನ ಮ್ಯಾಲ ದೊಡ್ಡವರ ಹೆಸರೈತ್ರಿ. ಕೇಳದ ಮುಟ್ಟಾಕ ಬರೂದಿಲ್ಲ.”

“ಕಲ್ಲು ನೀವ ಇಟಗೋರಿ. ನನಗ ಪೆಟಗಿ ಬೇಕು.”

ಬುಡ್ಡೇಸಾಬ ಗಾಜು ಸರಿಸಿದವನೇ ಹಿಂದೆ ಹಾರಿ ಮೂಗಿಗೆ ಟವೆಲು ಹಿಡಿದ. ಬಣ್ಣ ಬೆಂದು ಹಪ್ಪಳದಂತೆ ಎದ್ದಿತ್ತು. ಶಾಖ ಹೊರಹೋಗದಂತೆ ಕೆಳಗೆ ತುಂಬಿದ್ದ ಕಟ್ಟಿಗೆಯ ಹೊಟ್ಟು ನೆನೆದು ಕೊಳೆತಿತ್ತು; ಅದರಲ್ಲಿ ಇಲಿ ಮರಿ ಹಾಕಿ, ಮರಿಗಳ ಸಮೇತ ಸತ್ತಿತ್ತು.

“ಯಪ್ಪಾ, ಏನ್ ನಾತರಿ ಇದು ಅಕ್ಕಾರ” ಎಂದ.

“ಇದರ ಮ್ಯಾಲ ಒಂದು ಪ್ರಬಂಧ ಛಾಪಿಸ್ಯಾರ, ಬುಡ್ಡೇಸಾಬ.”

ಸೆರಗು ಸೊಂಟಕ್ಕೆ ಬಿಗಿದು ಅವಳೇ ಆ ಹೊಲಸನ್ನೆಲ್ಲ ಬಳಿದು ಬುಟ್ಟಿಗೆ ಹಾಕಿದಳು. ಈ ಹೊಲಸಿಗೆ ಅವಳು ಹೇಸಲಿಲ್ಲ. ಸಂಜೆಯ ಹೊತ್ತಿಗೆ ಕಂದು ತಗಡು ಕೂತಿತು, ಕೊಳವೆಗಳ ಬೆಸುಗೆ ಮುಗಿಯಿತು. ರಜೆ ಮುಗಿದು ಹುಡುಗಿಯರು ಬಂದರು, ಮಳೆಗಾಲ ಕಳೆಯಿತು, ತಗಡು ಹಾಗೇ ಇತ್ತು. ಚಳಿಗಾಲದಲ್ಲಿ ಅವಳು ಹೋದಾಗ ಕಾಶಿಬಾಯಿ ವರದಿ ಒಪ್ಪಿಸಿದಳು: “ಎಲ್ಲಾರಿಗೂ ಸಾಲೂದಿಲ್ಲರಿ. ಪಾಳಿ ಹಚ್ಚೇನಿ. ಮೋಡ ಆದ ದಿನ ಒಲೀನ ಗತಿ.” ಇದರಲ್ಲಿ ಹೊಗಳಿಕೆ ಇರಲಿಲ್ಲ, ಸುಳ್ಳೂ ಇರಲಿಲ್ಲ. ಅಕ್ಕನಾಗಮ್ಮನಿಗೆ ಅಷ್ಟು ಸಾಕಾಯಿತು.

ಧಾರವಾಡದಲ್ಲಿ ಬೇರೊಬ್ಬ ಪ್ರಾಧ್ಯಾಪಕರು ಅವಳನ್ನು ತಮ್ಮ ಕೈಕೆಳಗೆ ತೆಗೆದುಕೊಂಡರು. ಕಪ್ಪು ಪೊರೆಗಳು ಯಾಕೆ ಕೆಡುತ್ತವೆ ಎಂಬುದೇ ಅವಳ ಮಹಾಪ್ರಬಂಧವಾಯಿತು. ಮೊದಲ ಅಧ್ಯಾಯದಲ್ಲೇ ತನ್ನ ಮಕಮಲ್ಲಿನಂಥ ತಗಡು ಹೇಗೆ ಉದುರಿತೆಂದು ಬರೆದಳು. ಎಂಬತ್ತೊಂದರ ಕೊನೆಗೆ ಪದವಿ ಬಂತು. ಅಷ್ಟರಲ್ಲಿ ರಾಮಲಿಂಗ ಸರ್ ಪ್ರಿನ್ಸಿಪಾಲರಾಗಿದ್ದರು. ಅವರು ಕಾಲೇಜಿನಲ್ಲಿ ಅವಳಿಗೊಂದು ಸತ್ಕಾರ ಇಟ್ಟರು. ತಾವು ಆರಂಭಿಸಿದ ಸೌರಶಕ್ತಿ ಸಂಶೋಧನೆಯ ಫಲ ಎಂದು ಆಮಂತ್ರಣದಲ್ಲಿ ಅಚ್ಚು ಹಾಕಿಸಿದ್ದರು.

ಸತ್ಕಾರದ ದಿನ ಅವಳು ಮುಂಜಾನೆಯೇ ಟಿಕೋಟಾದ ಬಸ್ಸು ಹತ್ತಿದಳು. ಮಾಳಿಗೆಯ ಮೇಲೆ ಹೊಸ ತುಂಡುಗಳನ್ನು ಜೋಡಿಸುತ್ತಿದ್ದಾಗ ರೇಣುಕವ್ವ ಮಜ್ಜಿಗೆ ತಂದಳು.

“ಇವತ್ತ ನಿನಗ ಹಾರ ಹಾಕ್ತಾರ ಅಂತಿದ್ದಿ. ಹೋಗಲಿಲ್ಲೇನು?”

“ಅವರ ಕೈಯಾಗಿನ ಹಾರ ಕೊರಳಿಗೆ ಬಿದ್ರ ಎಷ್ಟ ತೊಳದ್ರೂ ಹೋಗೂದಿಲ್ಲ, ಅಕ್ಕಾ.”

“ಮಂದಿ ಕೂತು ಕಾಯ್ತಾರಲ್ಲ ಬೇ.”

“ಕಾಯಲಿ. ಭಾಷಣ ಮಾಡಾಕ ನಾ ಯಾಕ ಬೇಕು ಅವರಿಗೆ?” ಎಂದು ಅವಳು ಮಜ್ಜಿಗೆ ಕುಡಿದು, ಚೆರಿಗೆ ತೊಳೆದಿಟ್ಟು, ಮುಂದಿನ ತುಂಡಿಗೆ ಕೈಹಾಕಿದಳು.