ಕಿವಿ ಸೀಳದ ಕತ್ತೆ

ನೆನೆದ ಗೋಣಿಚೀಲದ ವಾಸನೆ ಎಲ್ಲಿ ಬಂದರೂ ನನಗೆ ದೇವಾಪುರದ ನಮ್ಮ ಹಿತ್ತಲು ನೆನಪಾಗುತ್ತದೆ. ನಿಮಗೂ ಇಂಥದೊಂದು ಹಿತ್ತಲು ಇದ್ದಿರಬಹುದು. ನಮ್ಮದರಲ್ಲಿ ಮಣ್ಣು ಹೊತ್ತ ಚೀಲಗಳನ್ನು ಗೋಡೆಯ ಮೇಲೆ ಒಣಹಾಕುತ್ತಿದ್ದರು, ಅದರ ನೆರಳಿಗೆ ಮೂರು ಕತ್ತೆಗಳು ನಿಂತಿರುತ್ತಿದ್ದವು. ಅವು ನನ್ನ ಆಯಿಯವು, ಅಂದರೆ ಅಪ್ಪನ ತಾಯಿಯವು. ಕಾಲುವೆ ತೋಡುವಾಗ ಯಂತ್ರ ಇಳಿಯಲಾರದ ಕಡೆ ಅಗೆದ ಮಣ್ಣನ್ನು ಕತ್ತೆಗಳೇ ಒಡ್ಡಿನ ಮೇಲಕ್ಕೆ ಹೊರುತ್ತಿದ್ದವು. ಮೇಲೆ ಹೋಗಿ ಅವು ಅಡ್ಡ ತಿರುಗಿ ನಿಂತರೆ ಆಯಿ ಚೀಲ ಇಳಿಸುತ್ತಿದ್ದಳು. ನಾವೆಲ್ಲ ತಿಂದ ರೊಟ್ಟಿ ಆ ದುಡಿಮೆಯದು. ಕೆಲಸದ ಜಾಗದಲ್ಲಿ ಹತ್ತಾರು ಮನೆಯ ಕತ್ತೆಗಳು ಕಲೆತುಹೋಗುತ್ತಿದ್ದುದರಿಂದ, ಮರಿಯಿದ್ದಾಗಲೇ ಒಂದೊಂದು ಮನೆಯವರು ಒಂದೊಂದು ಥರ ಕಿವಿ ಸೀಳಿ ಗುರುತು ಮಾಡುತ್ತಿದ್ದರು. ನಮ್ಮದು ಎಡಗಿವಿಯ ತುದಿಗೆ ಒಂದು ಸೀಳು. ಈಗ ಆ ಹಿತ್ತಲೂ ಇಲ್ಲ, ಆಯಿಯೂ ಇಲ್ಲ.

ಅಪ್ಪನ ತಮ್ಮ, ನಮ್ಮ ಕಾಕಾ, ಮಿಲಿಟರಿ ಲಾರಿ ಓಡಿಸುತ್ತ ಲಡಾಖಿನಲ್ಲಿದ್ದ. ಒಮ್ಮೆ ಅವನ ಕಾಗದದ ಪಾಕೀಟಿನ ಮೇಲೆ ಕತ್ತೆಯ ಚಿತ್ರವಿದ್ದ ಅಂಚೆಚೀಟಿ ಬಂತು. ಕೆಂಗಂದು ಮೈ, ಬಿಳಿ ಹೊಟ್ಟೆ, ಹಿಂದೆ ಬೋಳು ಗುಡ್ಡ. ಅದು ಅಲ್ಲಿನ ಕಾಡುಕತ್ತೆ, ಕಿಯಾಂಗ್ ಅನ್ನುತ್ತಾರೆ, ಹುಲ್ಲೂ ಸರಿಯಾಗಿ ಹುಟ್ಟದ ಆ ಚಳಿಯ ಮರುಭೂಮಿಯಲ್ಲಿ ಹಿಂಡು ಕಟ್ಟಿಕೊಂಡು ತಿರುಗುತ್ತದೆ ಎಂದು ಕಾಕಾ ಬರೆದಿದ್ದ. ನಮ್ಮಲ್ಲಿ ಕತ್ತೆಯ ಹೆಸರು ಹೆಚ್ಚಾಗಿ ಬೈಗಳಿಗೇ ಆಗುತ್ತಿತ್ತು. ಸರಕಾರ ಅದನ್ನು ಅಚ್ಚು ಹಾಕಿಸಿದ್ದು ನೋಡಿ ಅಪ್ಪ ನಕ್ಕ. ಆಯಿ ನಗಲಿಲ್ಲ. ಬಾಗಿಲ ಬೆಳಕಿಗೆ ಹಿಡಿದು ಮೊದಲು ಕಿವಿ ನೋಡಿದಳು.

“ಕಿವಿ ಸೀಳಿಲ್ಲ. ಇದು ಯಾರ ಮನೀದೂ ಅಲ್ಲ,” ಅಂದಳು.

ಆಗ ನಮ್ಮ ಕಡೆಯ ಕಾಲುವೆ ಕೆಲಸ ಮುಗಿದು ನೀರು ಬಂದಿತ್ತು. ಸುತ್ತ ಭತ್ತದ ಗದ್ದೆಗಳಾಗಿದ್ದವು, ಕತ್ತೆಗಳಿಗೆ ಮಾತ್ರ ಕೆಲಸವಿರಲಿಲ್ಲ. ಅಪ್ಪ ಅವನ್ನು ಆಂಧ್ರದ ಕಡೆಯ ವ್ಯಾಪಾರಿಗೆ ಕೊಡುವ ಮಾತಾಡಿದ್ದ. ಅವನು ಒಯ್ಯುವುದು ದುಡಿಸಲಿಕ್ಕಲ್ಲ, ಕಡಿಯಲಿಕ್ಕೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಆಯಿ ಜಗಳ ತೆಗೆಯಲಿಲ್ಲ. ಚೀಟಿ ಬಂದ ಕೆಲವೇ ದಿನಕ್ಕೆ ಮೂರನ್ನೂ ಗುಡ್ಡದ ಕಡೆ ಹೊಡೆದುಕೊಂಡು ಹೋಗಿ, ಹಗ್ಗ ಬಿಚ್ಚಿ ಬಿಟ್ಟು ಬಂದಳು. ಅಂಥಾ ಹಿಮದಲ್ಲಿ ಒಡೆಯನಿಲ್ಲದೆ ಬದುಕುವ ಜಾತಿ ಇಲ್ಲಿ ಯಾಕೆ ಬದುಕಬಾರದು ಎಂದು ಅವ್ವನಿಗೆ ಹೇಳಿದಳಂತೆ. ಅಂದು ಅವಳು ಎರಡು ರೊಟ್ಟಿ ಹೆಚ್ಚಿಗೆ ಉಂಡಳು. ಅಷ್ಟು ಖುಷಿಯಾಗಿ ಅವಳನ್ನು ನಾನು ಮತ್ತೆ ನೋಡಲಿಲ್ಲ.

ತಪ್ಪಿಸಿಕೊಂಡ ಕತ್ತೆ ಸಿಕ್ಕರೆ ಕಿವಿಯ ಗುರುತು ನೋಡಿ ಮನೆ ಮುಟ್ಟಿಸುವುದು ನಮ್ಮ ಕಡೆಯ ರೂಢಿ. ಅದು ಆಯಿಗೆ ಹೇಗೆ ಮರೆತುಹೋಯಿತೋ. ಪಕ್ಕದ ಊರಿನ ಕುರಿಗಾರನೊಬ್ಬ ಮೂರನ್ನೂ ಅಂಗಳಕ್ಕೆ ತಂದು ನಿಲ್ಲಿಸಿದ.

“ಕಿವಿ ನೋಡೀನಿ ಯವ್ವಾ, ನಿಮ್ಮವ ಅಂತ ಗೊತ್ತಾತು. ಹೊಡ್ಕೊಂಡ ಬಂದೀನಿ.”

ಪುಣ್ಯದ ಕೆಲಸ ಮಾಡಿದ ಸಮಾಧಾನ ಅವನ ಮುಖದಲ್ಲಿತ್ತು. ಆಯಿ ಅವನನ್ನು ಕೂಡ್ರಿಸಿ ಚಹಾ ಕೊಡಿಸಿದಳು. ಅವನಿಗೆ ಏನೆಂದು ಬೈಯುವುದು? ನನಗೆ ಮಾತ್ರ ಅವನ ಮೇಲೆ ಬಹಳ ಸಿಟ್ಟು ಬಂದಿತ್ತು.

ವ್ಯಾಪಾರಿಯ ಟೆಂಪೋ ಬಂದಾಗ ಆಯಿ ಒಳಗೆ ಹೋಗಲಿಲ್ಲ, ಬೇವಿನ ಗಿಡದ ಕೆಳಗೆ ನಿಂತಳು. ಕತ್ತೆಗಳು ಮೊಂಡು ಹಿಡಿದಾವೆಂದು ಅವನ ಆಳು ಕೋಲು ತಂದಿದ್ದ. ಬೇಕಾಗಲಿಲ್ಲ. ಹಲಗೆ ಇಳಿಸಿದ್ದೇ ತಡ, ಮೂರೂ ಒಂದರ ಹಿಂದೊಂದು ತಾವಾಗಿಯೇ ಹತ್ತಿದವು. ಮೇಲೆ ಹೋಗಿ ಅಡ್ಡ ತಿರುಗಿ ನಿಂತು, ಬೆನ್ನ ಮೇಲಿನ ಮಣ್ಣು ಇಳಿಸಲು ಆಯಿ ಬರಲೆಂದು ಕಾದವು.